ನಮ್ಮ ಲ್ಯಾಪ್‌ಟಾಪಿಗೇ ಬಂದ ಸರ್ವರ್

ಕೆಲಸದ ಗಂಟೆಗಳ ಲೆಕ್ಕವಿಡುವ ವೆಬ್ ತಂತ್ರಾಂಶ ಕಟ್ಟುವುದು ನನ್ನ ಕಸುಬು. ಹಿಂದೆಲ್ಲ ಅಪಾಚೆ, ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ಗಳನ್ನು ಬೇರೆಬೇರೆಯಾಗಿ ಇಳಿಸಿಕೊಂಡು, ಒಂದಕ್ಕೊಂದು ಹೊಂದಿಸುವುದರಲ್ಲೇ ಹೊಸಬರ ಮೊದಲ ದಿನಗಳು ಕಳೆಯುತ್ತಿದ್ದವು. 2002ರಲ್ಲಿ ಬಂದ ಎಕ್ಸಾಂಪ್ ಮೂರನ್ನೂ ಒಂದೇ ಗಂಟಾಗಿ ಕೊಟ್ಟಿತು, ದೊಡ್ಡ ಉಪಕಾರ. ಆಮೇಲೆ ಸರ್ವರಿನ ಪರಿಸರವನ್ನೇ ಲ್ಯಾಪ್‌ಟಾಪಿನಲ್ಲಿ ಎಬ್ಬಿಸುವ ಸಾಧನಗಳು ಬಂದವು: 2010ರಲ್ಲಿ ವೇಗ್ರಂಟ್, 2013ರ ಮಾರ್ಚಿನಲ್ಲಿ ಅದೇ ಪರಿಸರವನ್ನು ಕಂಟೇನರ್ ಎಂಬ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್.

ನಮ್ಮಂಥವರಿಗೆ ಡಾಕರ್ ಕೊಟ್ಟ ನಿಜವಾದ ಕೊಡುಗೆ ವೇಗವಲ್ಲ, ಗಡಿಯಾರ. ಲ್ಯಾಪ್‌ಟಾಪ್ ಓಡುವುದು ಭಾರತೀಯ ಕಾಲಮಾನದಲ್ಲಿ, ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿ. ನಡುವೆ ಐದೂವರೆ ಗಂಟೆ. ಬೆಂಗಳೂರಿನಲ್ಲಿ ತಿಂಗಳ ಒಂದನೇ ತಾರೀಖು ಬೆಳಗಿನ 5ಕ್ಕೆ ಪಾಳಿ ಹಿಡಿದವರ ಹಾಜರಿ ಯುಟಿಸಿಯಲ್ಲಿ ಹಿಂದಿನ ರಾತ್ರಿ 11:30. ಅದನ್ನು ನಮ್ಮ ಕಾಲಕ್ಕೆ ತಿರುಗಿಸದೆ ಕೂಡಿದರೆ ದುಡಿದ ಹೊತ್ತು ಹೋದ ತಿಂಗಳ ಪಟ್ಟಿಗೆ ಸೇರುತ್ತದೆ. ಹಳೆಯ ಪದ್ಧತಿಯಲ್ಲಿ ಈ ದೋಷ ನಮ್ಮ ಮೇಜಿನ ಮೇಲೆ ಕಾಣುತ್ತಲೇ ಇರಲಿಲ್ಲ, ಸಂಬಳದ ದಿನ ಕಾಣುತ್ತಿತ್ತು! ಡಾಕರಿನ ಕಂಟೇನರ್ ಮಾತ್ರ, ನಾವು ಬೇರೆ ಹೇಳದಿದ್ದರೆ, ಸಾಮಾನ್ಯವಾಗಿ ಸರ್ವರಿನಂತೆ ಯುಟಿಸಿಯಲ್ಲೇ ಏಳುತ್ತದೆ. ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಬ್ಬರ ದುಡಿಮೆಯ ಲೆಕ್ಕ ನಮ್ಮ ಕೈಲಿದೆ. ಹೊಸ ಪ್ರಾಜೆಕ್ಟ್ ಇಳಿಸಿಕೊಂಡಾಗ ಮೊದಲು ಸಮಯವಲಯ ನೋಡಿ, ಕೋಡ್ ಆಮೇಲೆ ತೆರೆಯಿರಿ.