ಆಕಾಶಮಾರ್ಗದಲ್ಲಿ ಕಣ್ಗಾವಲು

ನೆಲದ ದಾರಿಯಲ್ಲಿ ಎತ್ತಿನ ಬಂಡಿಯೂ ಮೋಟಾರೂ ಒಟ್ಟಿಗೆ ನಡೆಯುವಂತೆ ಆಕಾಶದಲ್ಲಿಯೂ ಬಗೆಬಗೆಯ ವಾಹನಗಳು ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ವಿಮಾನವಿದ್ಯೆಯನ್ನು ಕಲಿಯುವವನು ಎರಡೋ ನಾಲ್ಕೋ ಆಸನಗಳುಳ್ಳ ಸಣ್ಣ ವಿಮಾನದಲ್ಲಿ ಮೆಲ್ಲಮೆಲ್ಲನೆ ಸುತ್ತುತ್ತಿರುವ ಎಡೆಯಲ್ಲಿಯೇ ನೂರಾರು ಮಂದಿಯನ್ನು ಹೊತ್ತ ಜೆಟ್ ವಿಮಾನವು ಮಹಾವೇಗದಿಂದ ಇಳಿದುಬರುತ್ತದೆ. ಇವೆರಡೂ ಒಂದನ್ನೊಂದು ತಾಕದಂತೆ ಕಾಯುವ ಭಾರ ಯಾರದು? ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲ ದೊರೆಯುತ್ತಿದ್ದ ಉತ್ತರವು ಸರಳವಾದುದು: ಆಕಾಶವು ನಿರ್ಮಲವಾಗಿದ್ದಾಗ ಪ್ರತಿಯೊಬ್ಬ ವೈಮಾನಿಕನೂ ಇತರರನ್ನು ಕಣ್ಣಾರೆ ಕಂಡು ತಪ್ಪಿಸಿಕೊಳ್ಳತಕ್ಕದ್ದು. ಈ ಉತ್ತರವು ಸಾಲದೆಂದು ತಿಳಿಯುವುದಕ್ಕೆ ಎಷ್ಟು ಕಾಲವೂ ಎಷ್ಟು ಪ್ರಾಣಗಳೂ ಬೇಕಾದುವೆಂಬುದನ್ನು ವಾಚಕರು ಅರಿಯುವುದು ಯುಕ್ತವಾಗಿದೆ.

ಕಣ್ಣನ್ನು ನಂಬುವುದರಲ್ಲಿ ಮೂಲದಲ್ಲಿಯೇ ಒಂದು ದೋಷವುಂಟು. ಎರಡು ವಿಮಾನಗಳು ನೇರವಾದ ಗತಿಯಲ್ಲಿ ಒಂದೇ ಬಿಂದುವಿಗೆ ಧಾವಿಸುತ್ತಿರುವಾಗ, ಒಂದರ ಗಾಜಿನಲ್ಲಿ ಮತ್ತೊಂದು ಅತ್ತಿತ್ತ ಸರಿಯದೆ ಒಂದೇ ಎಡೆಯಲ್ಲಿ ಚುಕ್ಕೆಯಂತೆ ನಿಂತಿರುತ್ತದೆ. ಚಲಿಸುವುದನ್ನು ಕಣ್ಣು ಬೇಗ ಹಿಡಿಯುವುದು; ನಿಂತ ಚುಕ್ಕೆಯನ್ನು ಹಿಡಿಯದು. ಆ ಚುಕ್ಕೆಯು ಥಟ್ಟನೆ ಬೆಳೆದು ವಿಮಾನದ ಆಕಾರವನ್ನು ತಾಳುವುದು ಕಡೆಯ ಕೆಲವು ಕ್ಷಣಗಳಲ್ಲಿ ಮಾತ್ರ. ಎಂದರೆ, ಯಾವ ವಿಮಾನದಿಂದ ಅಪಾಯವು ಹೆಚ್ಚೋ ಅದೇ ಕಣ್ಣಿಗೆ ಬೀಳುವುದು ಕಷ್ಟ.

1956ನೆಯ ಇಸವಿ ಜೂನ್ 30ರಂದು ಗ್ರಾಂಡ್ ಕ್ಯಾನಿಯನ್ ಕಣಿವೆಯ ಮೇಲೆ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಮಂದಿ ಮಡಿದರು. ಇದರ ತರುವಾಯ 1958ರಲ್ಲಿ ಹೊಸ ಶಾಸನವಾಗಿ ವಿಮಾನಸಂಚಾರದ ಆಡಳಿತಕ್ಕೆ ಪ್ರತ್ಯೇಕವಾದ ಇಲಾಖೆಯು ಏರ್ಪಟ್ಟಿತು. ರೇಡಾರ್ ಕೇಂದ್ರಗಳು ಹೆಚ್ಚಿದುವು. ಆದರೆ ವಿಮಾನನಿಲ್ದಾಣಗಳ ಸುತ್ತಮುತ್ತ, ಕೆಳಗಣ ಆಕಾಶದಲ್ಲಿ, ದೊಡ್ಡ ವಿಮಾನಗಳ ಸಂಗಡ ಅಭ್ಯಾಸದ ವಿಮಾನಗಳ ಬೆರಕೆಯು ಹಿಂದಿನಂತೆಯೇ ಉಳಿಯಿತು.

ಈ ಬೆರಕೆಯ ಫಲವು 1969ನೆಯ ಇಸವಿ ಸೆಪ್ಟೆಂಬರ್ 9ರಂದು ಇಂಡಿಯಾನಾ ಸಂಸ್ಥಾನದಲ್ಲಿ ಕಂಡುಬಂದಿತು. ಅಲಿಗೆನಿ ಕಂಪೆನಿಯ ಡಿಸಿ-9 ಜೆಟ್ ವಿಮಾನವು 82 ಮಂದಿಯೊಡನೆ ಇಂಡಿಯಾನಾಪೊಲಿಸ್ ನಗರಕ್ಕೆ ಇಳಿಯುತ್ತ ಮೋಡಗಳಿಂದ ಕೆಳಕ್ಕೆ ಬಂದಿತು. ಅದೇ ಎತ್ತರದಲ್ಲಿ ವಿದ್ಯಾರ್ಥಿಯೊಬ್ಬನು ಪೈಪರ್ ಚೆರೋಕಿ ಎಂಬ ಸಣ್ಣ ವಿಮಾನವನ್ನು ಏಕಾಕಿಯಾಗಿ ನಡಸುತ್ತಿದ್ದನು. ಅವನ ವಿಮಾನವು ರೇಡಾರ್ ಪರದೆಯಲ್ಲಿ ನಿಯಂತ್ರಕರಿಗೆ ಕಾಣಲಿಲ್ಲ. ಡಿಕ್ಕಿಯಲ್ಲಿ 83 ಮಂದಿಯೂ ಮೃತರಾದರು. ಕಲಿಯುವವನ ತಪ್ಪೆಂದು ತೀರ್ಪುಕೊಟ್ಟು ಕೈತೊಳೆದುಕೊಳ್ಳುವುದು ಸುಲಭವಾಗಿದ್ದಿತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಹಾಗೆ ಮಾಡಲಿಲ್ಲ. ನಿಯಂತ್ರಕರ ಆಜ್ಞೆಯಂತೆ ಹೋಗುವ ವಿಮಾನಗಳೂ ಸ್ವಂತ ಕಣ್ಣಿನಿಂದಲೇ ಹೋಗುವ ವಿಮಾನಗಳೂ ಬೆರೆತಿರುವಲ್ಲಿ ಡಿಕ್ಕಿಯನ್ನು ತಡೆಯುವ ಶಕ್ತಿಯು ವ್ಯವಸ್ಥೆಗೇ ಇಲ್ಲವೆಂದು ಅದು ನಿರ್ಣಯಿಸಿತು. ಆದರೆ ನಿರ್ಣಯವಾದೊಡನೆ ಪರಿಹಾರವು ಬರಲಿಲ್ಲ. ಒಂಬತ್ತು ವರ್ಷಗಳು ಕಳೆದುವು.

1978ನೆಯ ಇಸವಿ ಸೆಪ್ಟೆಂಬರ್ 25ರ ಬೆಳಿಗ್ಗೆ 9 ಗಂಟೆ ಕಳೆದ ಸ್ವಲ್ಪದರಲ್ಲಿಯೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಮೇಲೆ ನಡೆದ ದುರಂತವು ಈ ಇತಿಹಾಸದ ಕೇಂದ್ರಸ್ಥಾನದಲ್ಲಿದೆ. ಆಕಾಶವು ಸ್ವಚ್ಛವಾಗಿದ್ದಿತು. ಪಿ.ಎಸ್.ಎ. ಕಂಪೆನಿಯ ಬೋಯಿಂಗ್ 727 ವಿಮಾನವು 135 ಮಂದಿಯನ್ನು ಹೊತ್ತು ಲಿಂಡ್‌ಬರ್ಗ್ ನಿಲ್ದಾಣಕ್ಕೆ ಇಳಿಯುತ್ತಿದ್ದಿತು. ಅದರ ಮುಂದೆ, ಕೆಳಗೆ, ಅದೇ ಪೂರ್ವದಿಕ್ಕಿಗೆ ಸೆಸ್ನಾ 172 ವಿಮಾನವೊಂದು ಹೋಗುತ್ತಿದ್ದಿತು. ಅದರಲ್ಲಿದ್ದವರು ಇಬ್ಬರು: ಉಪಕರಣಗಳನ್ನು ಮಾತ್ರ ನೋಡಿ ಇಳಿಯುವುದನ್ನು ಅಭ್ಯಸಿಸುತ್ತಿದ್ದವನೊಬ್ಬ, ಅವನ ಶಿಕ್ಷಕನೊಬ್ಬ. ನಿಯಂತ್ರಕನು ಹೇಳಿದ್ದ ದಿಕ್ಕಿನಿಂದ ಸೆಸ್ನಾ ಬಲಕ್ಕೆ 20 ಅಂಶದಷ್ಟು ತಿರುಗಿದ್ದಿತು. ಅದನ್ನು ಯಾರಿಗೂ ತಿಳಿಸಿರಲಿಲ್ಲ.

ಬೋಯಿಂಗ್ ವಿಮಾನದವರಿಗೆ ಸಣ್ಣ ವಿಮಾನದ ಸುದ್ದಿಯನ್ನು ಮುಂಚೆಯೇ ಕೊಡಲಾಗಿದ್ದಿತು. ಅವರು ಕಂಡೆವೆಂದರು, ಕಣ್ಣಿನಿಂದಲೇ ದೂರವನ್ನು ಕಾಯ್ದುಕೊಳ್ಳಿರೆಂದು ಅವರಿಗೆ ಅಪ್ಪಣೆಯಾಯಿತು. ಬಳಿಕ ನಿಲ್ದಾಣದ ಗೋಪುರದಿಂದ ಮತ್ತೊಮ್ಮೆ ಎಚ್ಚರಿಕೆ ಬಂದಾಗ, ಕ್ಷಣಕಾಲದ ಹಿಂದೆ ಅದು ಅಲ್ಲಿದ್ದಿತೆಂದೂ ತಮ್ಮ ಬಲಕ್ಕೆ ದಾಟಿಹೋಗಿರಬೇಕೆಂದೂ ಉತ್ತರಕೊಟ್ಟರು. ಗೋಪುರದಲ್ಲಿದ್ದವನು ‘ದಾಟಿಹೋಗಿರಬೇಕು’ ಎಂಬುದನ್ನು ‘ದಾಟುತ್ತಿದೆ’ ಎಂದು ಕೇಳಿಸಿಕೊಂಡನು. ಆಂಗ್ಲಭಾಷೆಯ ಒಂದು ಕ್ರಿಯಾಪದದಲ್ಲಿ ಭೂತಕಾಲವು ವರ್ತಮಾನವಾಯಿತು. ಕಳೆದುಹೋದ ನೋಟವು ಈಗಲೂ ಇದೆಯೆಂದು ಕೇಳಿದವನು ನಂಬಿದನು. ನ್ಯಾಯಶಾಸ್ತ್ರದ ರೀತಿಯಲ್ಲಿ ವಿವೇಚಿಸಿದರೆ, ಕ್ಷಣಕಾಲದ ಹಿಂದೆ ಕಂಡದ್ದು ಸ್ಮೃತಿ; ಬಲಕ್ಕೆ ಸರಿದಿರಬೇಕೆಂಬುದು ಅನುಮಾನ. ಪ್ರತ್ಯಕ್ಷವೆಂಬುದು ಆಗ ಯಾರ ಬಳಿಯಲ್ಲಿಯೂ ಇರಲಿಲ್ಲ. ಆದರೂ ಎಲ್ಲರೂ ಪ್ರತ್ಯಕ್ಷವನ್ನು ಆಧರಿಸಿಯೇ ನಡೆದರು. ಕಾಕ್‌ಪಿಟ್ಟಿನಲ್ಲಿ ನಡೆದ ಸಂಭಾಷಣೆಯ ಮುದ್ರಿಕೆಯಲ್ಲಿ, ಆ ಸೆಸ್ನಾದಿಂದ ಪಾರಾದೆವೇ ಎಂದು ಒಬ್ಬರು ಕೇಳುವುದೂ ಉಳಿದವರು ಊಹೆಯನ್ನೂ ಆಶೆಯನ್ನೂ ಉತ್ತರವಾಗಿ ಕೊಡುವುದೂ ಕೇಳಿಬರುತ್ತದೆ. ಕಾಣುತ್ತಿಲ್ಲವೆಂದು ಮಾತ್ರ ಗೋಪುರಕ್ಕೆ ಯಾರೂ ಸ್ಪಷ್ಟವಾಗಿ ತಿಳಿಸಲಿಲ್ಲ.

ಡಿಕ್ಕಿಗೆ 19 ಸೆಕೆಂಡುಗಳ ಮುಂಚೆ ಮಿರಾಮಾರ್ ರೇಡಾರ್ ಕೇಂದ್ರದಲ್ಲಿ ಯಂತ್ರವು ಅಪಾಯದ ಸೂಚನೆಯನ್ನು ಕೊಟ್ಟಿತು. ಸುಳ್ಳು ಸೂಚನೆಗಳು ಅಲ್ಲಿ ವಾಡಿಕೆಯಾಗಿದ್ದುವು. ಅದಲ್ಲದೆ ಬೋಯಿಂಗ್ ವಿಮಾನದವರು ಸೆಸ್ನಾವನ್ನು ಕಂಡಿದ್ದಾರೆಂಬ ನಂಬಿಕೆಯೂ ಇದ್ದಿತು. ಆದಕಾರಣ ಮತ್ತೆ ಎಚ್ಚರಿಕೆ ಹೋಗಲಿಲ್ಲ. ಸುಮಾರು 2,600 ಅಡಿ ಎತ್ತರದಲ್ಲಿ ದೊಡ್ಡ ವಿಮಾನವು ಸಣ್ಣದನ್ನು ಹಿಂದಿನಿಂದ ಬಂದು ತಾಕಿತು. ವಿಮಾನಗಳಲ್ಲಿದ್ದ 137 ಮಂದಿಯೂ ನಾರ್ತ್ ಪಾರ್ಕ್ ಎಂಬ ಬಡಾವಣೆಯ ನೆಲದ ಮೇಲಿದ್ದ 7 ಮಂದಿಯೂ ಸತ್ತರು.

ದೊಡ್ಡ ವಿಮಾನದವರು ದೃಷ್ಟಿನಿಯಮವನ್ನು ಪಾಲಿಸದೆ, ನೋಟವು ತಪ್ಪಿದುದನ್ನು ತಿಳಿಸದೆ ಹೋದುದೇ ಮುಖ್ಯಕಾರಣವೆಂದು ಸುರಕ್ಷತಾ ಮಂಡಲಿಯ ಬಹುಮತವು ಹೇಳಿತು. ಸದಸ್ಯರಾದ ಫ್ರಾನ್ಸಿಸ್ ಮ್ಯಾಕ್‌ಆಡಮ್ಸ್ ಎಂಬವರು ಇದಕ್ಕೆ ಒಪ್ಪಲಿಲ್ಲ. ರೇಡಾರಿನಿಂದ ವಿಮಾನಗಳನ್ನು ಬೇರ್ಪಡಿಸುವ ಸೌಕರ್ಯವಿದ್ದಾಗಲೂ ಕಣ್ಣಿಗೇ ಹೊಣೆಯನ್ನು ಒಪ್ಪಿಸಿದ ಪದ್ಧತಿಯೂ ಸಮಾನವಾಗಿ ಕಾರಣವೆಂದು ಅವರು ಭಿನ್ನಮತವನ್ನು ಬರೆದರು. ಅವರ ಮಾತಿನ ತೂಕವನ್ನು ಕಾಲವೇ ತೋರಿಸಿಕೊಟ್ಟಿತು.

1986ನೆಯ ಇಸವಿ ಆಗಸ್ಟ್ 31ರಂದು ಲಾಸ್ ಏಂಜಲೀಸಿನ ಸಮೀಪದ ಸೆರಿಟೋಸ್ ಪಟ್ಟಣದ ಮೇಲೆ ಏರೋಮೆಕ್ಸಿಕೋ ಕಂಪೆನಿಯ ಡಿಸಿ-9 ವಿಮಾನಕ್ಕೂ ಖಾಸಗಿಯವರ ಪೈಪರ್ ವಿಮಾನಕ್ಕೂ ಡಿಕ್ಕಿಯಾಗಿ, ನೆಲದ ಮೇಲಿದ್ದ 15 ಮಂದಿ ಸೇರಿ 82 ಮಂದಿ ಮಡಿದರು. ಸಣ್ಣ ವಿಮಾನವು ಅಪ್ಪಣೆಯಿಲ್ಲದೆ ನಿಯಂತ್ರಿತ ವಲಯವನ್ನು ಹೊಕ್ಕಿದ್ದಿತು. ಎತ್ತರವನ್ನು ತಾನಾಗಿ ತಿಳಿಸುವ ಸಾಧನವು ಅದರಲ್ಲಿ ಇರಲಿಲ್ಲ. ಮರುವರ್ಷ ಅಮೆರಿಕದ ಕಾಂಗ್ರೆಸ್ ಸಭೆಯು ಕಾಯಿದೆಯೊಂದನ್ನು ಮಾಡಿ, 30ಕ್ಕೆ ಮೇಲ್ಪಟ್ಟು ಆಸನಗಳುಳ್ಳ ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿಯನ್ನು ತಪ್ಪಿಸುವ ಯಂತ್ರವಿರಬೇಕೆಂದು ವಿಧಿಸಿತು. ಅವಧಿಯು ಒಮ್ಮೆ ಮುಂದಕ್ಕೆ ಹೋಗಿ 1993ರ ಅಂತ್ಯಕ್ಕೆ ನಿಂತಿತು.

ಟಿ-ಕ್ಯಾಸ್ ಎಂದು ಕರೆಯುವ ಈ ಯಂತ್ರದ ಹಿಂದಿನ ತತ್ತ್ವವು ಹೊಸದೇನೂ ಅಲ್ಲ. ಇಬ್ಬರ ನಡುವಣ ದೂರವನ್ನು ಅವರು ಹತ್ತಿರವಾಗುತ್ತಿರುವ ವೇಗದಿಂದ ಭಾಗಿಸಿದರೆ ಸಂಧಿಸುವ ಕಾಲವು ದೊರೆಯುವುದು; ದೂರಕ್ಕಿಂತ ಕಾಲವನ್ನೇ ಅಳೆಯಬೇಕು. ಜಾನ್ ಮೊರೆಲ್ ಎಂಬ ವಿಜ್ಞಾನಿಯು ಇದನ್ನು 1950ರ ದಶಕದಲ್ಲಿಯೇ ಪ್ರತಿಪಾದಿಸಿದ್ದನು. ಯಂತ್ರವು ಸುತ್ತಲಿನ ವಿಮಾನಗಳನ್ನು ರೇಡಿಯೋ ಅಲೆಯಿಂದ ಪ್ರಶ್ನಿಸುತ್ತದೆ. ಅವುಗಳ ಟ್ರಾನ್ಸ್‌ಪಾಂಡರ್ ಉತ್ತರ ಕೊಡುತ್ತದೆ. ಅಪಾಯವು ಸಮೀಪಿಸಿದರೆ ಮೊದಲು ಎಚ್ಚರಿಕೆ, ಬಳಿಕ ಏರು ಅಥವಾ ಇಳಿ ಎಂಬ ಆದೇಶ. ಭಾರತದಲ್ಲಿಯೂ, 1996ನೆಯ ಇಸವಿ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಮಡಿದ ಬಳಿಕ ಈ ಯಂತ್ರವು ಕಡ್ಡಾಯವಾಯಿತು.

ಪ್ರಾಣಹಾನಿಯಾದ ಬಳಿಕ ಕಲಿತ ಪಾಠಗಳಿವು. ಕೂದಲೆಳೆಯಷ್ಟರಲ್ಲಿ ಪಾರಾದವರಿಂದ ಕಲಿಯುವ ದಾರಿಯೂ ಈ ನಡುವೆ ತೆರೆಯಿತು. ತಪ್ಪೊಪ್ಪಿಕೊಂಡರೆ ದಂಡನೆಯಾಗುವುದೆಂಬ ಭಯದಿಂದ ಇಂತಹವರು ಸುಮ್ಮನಿರುತ್ತಿದ್ದರು. 1976ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ವಶದಲ್ಲಿ, ಹೆಸರನ್ನು ಗೋಪ್ಯವಾಗಿಟ್ಟು ಇಂತಹ ವರದಿಗಳನ್ನು ಸ್ವೀಕರಿಸುವ ಏರ್ಪಾಡಾಯಿತು. ದಂಡಿಸುವ ಇಲಾಖೆಯೊಂದು, ಕೇಳುವ ಸಂಸ್ಥೆಯೊಂದು ಎಂಬ ಈ ವಿಭಾಗವು ವಿವೇಕದ್ದು.

ಇಷ್ಟಾದರೂ ಅಭ್ಯಾಸದ ಸಣ್ಣ ವಿಮಾನಗಳು ಸಾಮಾನ್ಯವಾಗಿ ಟಿ-ಕ್ಯಾಸ್ ಯಂತ್ರವನ್ನು ಹೊರುವುದಿಲ್ಲ. ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನವು ದೊಡ್ಡ ವಿಮಾನದ ಯಂತ್ರಕ್ಕೂ ಕಾಣದು. ಆದಕಾರಣ ಕಲಿಯುವವನಿಗೆ ಹೊರಗೆ ನೋಡೆಂಬ ಮೊದಲ ಪಾಠವು ಇಂದಿಗೂ ತಪ್ಪಿಲ್ಲ. ಅದರೊಡನೆ ಸ್ಯಾನ್ ಡಿಯಾಗೊ ಕಲಿಸಿದ ಎರಡನೆಯ ಪಾಠವನ್ನೂ ಸೇರಿಸಬೇಕಾಗಿದೆ: ಕಂಡದ್ದನ್ನು ಹೇಳುವಷ್ಟೇ ಬೇಗನೆ, ಕಾಣದಾದುದನ್ನೂ ಹೇಳಬೇಕು.