ಒಂದೇ ಹಾರಾಟ, ಎರಡು ಸೂರ್ಯೋದಯ

ಯಾವುದೇ ಎರಡು ಏರ್‌ಪೋರ್ಟ್‌ಗಳ ಹೆಸರು ಟೈಪ್ ಮಾಡಿ, ಎಷ್ಟು ಕಿಲೋಮೀಟರ್, ಎಷ್ಟು ಗಂಟೆ ಅಂತ ಫೋನ್ ಥಟ್ ಅಂತ ಹೇಳುತ್ತೆ. ಆದರೆ ಅದೇ ದೂರ ದಾಟೋಕೆ ಜನ ಹಿಂದೆ ಏನೆಲ್ಲ ಪಣಕ್ಕಿಟ್ಟಿದ್ದರು ಅನ್ನೋದು ಅಲ್ಲಿ ಕಾಣಲ್ಲ. ಇವತ್ತು ನಾನು ಹೇಳೋದು ಅಂಥ ಒಂದು ದಾರಿಯ ಕಥೆ.

ಫೆಬ್ರವರಿ 1942. ಸಿಂಗಾಪುರ ಜಪಾನಿಗರ ವಶವಾಯಿತು. ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ನಡುವಿನ ವಿಮಾನಮಾರ್ಗ ಹೋಗುತ್ತಿದ್ದದ್ದೇ ಸಿಂಗಾಪುರದ ಮೂಲಕ. ಸರ್ಕಾರದ ಕಾಗದಪತ್ರ, ಸೈನಿಕರ ಟಪಾಲು ಇನ್ನು ತಲುಪೋದು ಹೇಗೆ?

1943ರಲ್ಲಿ ಕ್ವಾಂಟಾಸ್ ಕಂಪನಿ ಹೊಸ ದಾರಿ ಶುರು ಮಾಡಿತು. ಪರ್ತ್ ನಗರದ ಸ್ವಾನ್ ನದಿಯಿಂದ ಸಿಲೋನ್‌ನ, ಅಂದರೆ ಇವತ್ತಿನ ಶ್ರೀಲಂಕಾದ, ಕೊಗ್ಗಲ ಸರೋವರಕ್ಕೆ. ರನ್‌ವೇ ಇಲ್ಲ, ನೀರಿನಿಂದ ಏರಿ ನೀರಿನ ಮೇಲೇ ಇಳಿಯೋ ಕ್ಯಾಟಲೀನಾ ವಿಮಾನಗಳು. ದೂರ ಸುಮಾರು 5,600 ಕಿ.ಮೀ., ನಡುವೆ ಎಲ್ಲೂ ನಿಲ್ಲುವಂತಿಲ್ಲ. ವೇಗ ಗಂಟೆಗೆ ಸುಮಾರು 200 ಕಿ.ಮೀ. ಹಾಗಾಗಿ ಪ್ರಯಾಣ 27ರಿಂದ 33 ಗಂಟೆ! ಗಾಳಿ ಎದುರಾದರೆ ಇನ್ನಷ್ಟು ತಡ. ಎಷ್ಟೋ ಸಲ ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿತ್ತು. ‘ಡಬಲ್ ಸನ್‌ರೈಸ್’ ಅನ್ನೋ ಹೆಸರು ಬಂದದ್ದು ಹೀಗೆ.

ಇಷ್ಟು ದೂರಕ್ಕೆ ಬೇಕಾದ ಇಂಧನ ತುಂಬಿದ ಮೇಲೆ ಉಳಿಯುತ್ತಿದ್ದ ಜಾಗ ಎಷ್ಟು ಗೊತ್ತಾ? ಮೂವರು ಪ್ರಯಾಣಿಕರು, 69 ಕಿಲೋ ಟಪಾಲು. ಅಷ್ಟೇ. ಇಂಧನದ ಭಾರಕ್ಕೆ ವಿಮಾನ ಎಷ್ಟು ತುಂಬಿರುತ್ತಿತ್ತು ಅಂದರೆ, ಮೊದಲ ಕೆಲವು ಗಂಟೆಗಳಲ್ಲಿ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟರೂ ಇನ್ನೊಂದರ ಬಲದಲ್ಲಿ ಮುಂದೆ ಹೋಗೋದು ಕಷ್ಟ. ಕೆಳಗೆ ಬರೀ ಹಿಂದೂ ಮಹಾಸಾಗರ.

ಶತ್ರು ವಿಮಾನಗಳ ಭಯ ಬೇರೆ. ಅವುಗಳ ಎಟುಕಿಗೆ ಸಿಗೋ ಭಾಗವನ್ನ ರಾತ್ರಿ ಕತ್ತಲಲ್ಲೇ ದಾಟಬೇಕು, ರೇಡಿಯೊ ಮೌನವಾಗಿರಬೇಕು. ಹಾಗಾದರೆ ದಾರಿ ತೋರಿಸೋರು ಯಾರು? ನಕ್ಷತ್ರಗಳು. ಐದು ವಿಮಾನಗಳಿಗೂ ಅವುಗಳದ್ದೇ ಹೆಸರು: ಆಲ್ಟೇರ್, ವೇಗಾ, ರೈಜಲ್, ಆಂಟಾರೆಸ್, ಸ್ಪೈಕಾ. ಇವುಗಳಲ್ಲಿ ನಾಲ್ಕು ನಮ್ಮ ಪಂಚಾಂಗದವರಿಗೂ ಗೊತ್ತು: ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ.

1945ರ ತನಕ ಈ ವಿಮಾನಗಳು 270ಕ್ಕೂ ಹೆಚ್ಚು ಸಲ ಸಾಗರ ದಾಟಿದವು. ಒಂದು ಜೀವವೂ ಹೋಗಲಿಲ್ಲ. ಪ್ರಯಾಣಿಕರಿಗೆ ‘ಸೀಕ್ರೆಟ್ ಆರ್ಡರ್ ಆಫ್ ದಿ ಡಬಲ್ ಸನ್‌ರೈಸ್’ ಅನ್ನೋ ಸರ್ಟಿಫಿಕೇಟ್ ಸಿಗುತ್ತಿತ್ತು. ವಿಮಾನಗಳಿಗೆ ಮಾತ್ರ ಯಾವ ಗೌರವವೂ ಸಿಗಲಿಲ್ಲ. ಅಮೆರಿಕದ ಜೊತೆಗಿನ ಲೆಂಡ್-ಲೀಸ್ ಒಪ್ಪಂದದ ಷರತ್ತಿನಂತೆ, ಯುದ್ಧ ಮುಗಿದ ಮೇಲೆ ಅವುಗಳನ್ನ ಸಮುದ್ರದಲ್ಲಿ ಮುಳುಗಿಸಿದರು.

ಮಾರ್ಚ್ 2018ರಲ್ಲಿ ಅದೇ ಕ್ವಾಂಟಾಸ್, ಅದೇ ಪರ್ತ್‌ನಿಂದ ನೇರ ಲಂಡನ್‌ಗೆ ಹಾರಾಟ ಶುರು ಮಾಡಿತು. ಸುಮಾರು 14,500 ಕಿ.ಮೀ., 17 ಗಂಟೆ, ಇನ್ನೂರಕ್ಕೂ ಹೆಚ್ಚು ಸೀಟು. ಅಂದರೆ ಕ್ಯಾಟಲೀನಾ ಹೋಗುತ್ತಿದ್ದ ದೂರದ ಎರಡೂವರೆ ಪಟ್ಟು, ಅದೂ ಹತ್ತು ಗಂಟೆ ಕಡಿಮೆ ಸಮಯದಲ್ಲಿ.

ಮುಂದಿನ ಸಲ ಲಾಂಗ್ ಫ್ಲೈಟ್‌ನಲ್ಲಿ ಕೂತು ಬೇಜಾರಾದಾಗ, 33 ಗಂಟೆ ರೇಡಿಯೊ ಮಾತಿಲ್ಲದೆ ಕೂತಿದ್ದ ಆ ಮೂವರನ್ನ ಒಮ್ಮೆ ನೆನಪಿಸಿಕೊಳ್ಳಿ. ಮತ್ತೆ ಸಿಗೋಣ.