ಆಯಿಲ್ ಪ್ರೈಮಿಂಗ್
ಮರುಜೋಡಿಸಿದ ಹಳೆಯ ಕಾರಿನ ಎಂಜಿನ್ ಮೊದಲ ಸಲ ಚಾಲೂ ಆಗುವ ಮುನ್ನವೇ ಅದರ ಪಂಪು, ಫಿಲ್ಟರ್, ನಾಳಗಳಿಗೆ ಒತ್ತಡದಿಂದ ಎಣ್ಣೆ ತುಂಬಿಸುವ ಕ್ರಮ. ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ ಲೋಹಗಳನ್ನು ದೂರವಿಡುವುದು ತೆಳುವಾದ ಎಣ್ಣೆಪದರ ಮಾತ್ರ. ಒಣಗಿದ ಪಂಪು ಎಣ್ಣೆಯನ್ನು ಹೀರಿ ಮೇಲೆತ್ತುವುದರೊಳಗೆ ಹೊಸ ಬೇರಿಂಗ್‌ಗೆ ಗೀರುಬೀಳಬಹುದು. ಜೋಡಿಸುವಾಗ ಹಚ್ಚಿದ ಗ್ರೀಸೇ ಸಾಕೆಂಬ ವಾದವುಂಟು. ಅದು ಮೊದಲ ಸುತ್ತುಗಳನ್ನು ಕಾಯುತ್ತದೆ, ನಿಜ. ಆದರೆ ಖಾಲಿ ಫಿಲ್ಟರನ್ನು ತುಂಬಲಾರದು, ನಾಳದ ಗಾಳಿಯನ್ನು ಹೊರಹಾಕಲಾರದು.

ಸ್ಪಾರ್ಕ್ ಪ್ಲಗ್ ಬಿಚ್ಚಿ ಸ್ಟಾರ್ಟರಿನಿಂದಲೇ ತಿರುಗಿಸಿದರಾಯಿತು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಏಕೆಂದರೆ ಹಾಗೆ ಮಾಡಿದರೂ ಒತ್ತಡ ಏರುತ್ತದೆ. ತೊಡಕಿರುವುದು ಕ್ಯಾಮ್‌ಶಾಫ್ಟ್‌ನಲ್ಲಿ. ಅದರ ಮೇಲೆ ಜಾರುವ ಚಪ್ಪಟೆ ಟ್ಯಾಪೆಟ್‌ಗಳಿಗೆ ಎಣ್ಣೆ ಬಹುಪಾಲು ಸಿಡಿದೇ ತಲುಪಬೇಕು. ನಿಧಾನವಾಗಿ ಬಹಳ ಹೊತ್ತು ತಿರುಗಿಸಿದರೆ ಸಿಡಿತವಿಲ್ಲದೆ, ಹಚ್ಚಿದ ಗ್ರೀಸಿನ ಲೇಪ ಮಾತ್ರ ಒರೆಸಿಹೋಗುತ್ತದೆ. 1955ರ ಶೆವ್ರೊಲೆ ಸ್ಮಾಲ್-ಬ್ಲಾಕ್ ವಿ8ರಲ್ಲಿ ಈ ಇಕ್ಕಟ್ಟಿಲ್ಲ: ಪಂಪನ್ನು ತಿರುಗಿಸುವ ಡಿಸ್ಟ್ರಿಬ್ಯೂಟರ್ ತೆಗೆದು, ಕ್ಯಾಮ್‌ಶಾಫ್ಟ್ ತಿರುಗದಂತೆಯೇ ಪಂಪಿನ ದಂಡವನ್ನು ಡ್ರಿಲ್‌ನಿಂದ ಪ್ರದಕ್ಷಿಣವಾಗಿ ತಿರುಗಿಸಬಹುದು. ಉಪಕರಣಕ್ಕೆ ಡಿಸ್ಟ್ರಿಬ್ಯೂಟರಿನಂಥದೇ ಒಡಲಿರಬೇಕು, ಇಲ್ಲದಿದ್ದರೆ ಎಣ್ಣೆ ಅಲ್ಲೇ ಸೋರುತ್ತದೆ. ನಡುನಡುವೆ ಕ್ರ್ಯಾಂಕನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ, ಕವಾಟಗಳನ್ನು ಒತ್ತುವ ಎಲ್ಲ ರಾಕರ್‌ಗಳಲ್ಲೂ ಎಣ್ಣೆ ಒಸರುವವರೆಗೆ ಮುಂದುವರಿಸಬೇಕು. ನಮ್ಮ ಅಂಬಾಸಿಡರ್‌ನಲ್ಲೂ ಇದ್ದ 1489 ಸಿಸಿ ಬಿಎಂಸಿ ಬಿ-ಸರಣಿ ಎಂಜಿನ್‌ಗೆ ಡ್ರಿಲ್ ಉಪಾಯ ಒಗ್ಗದು. ಅಲ್ಲಿ ಪಂಪನ್ನು ತಿರುಗಿಸುವುದು ಡಿಸ್ಟ್ರಿಬ್ಯೂಟರ್ ಅಲ್ಲ, ಕ್ಯಾಮ್‌ಶಾಫ್ಟೇ. ಪಂಪಿನೊಳಗೆ ಮೊದಲೇ ಎಣ್ಣೆ ತುಂಬಿ, ಒತ್ತಡದ ಪಾತ್ರೆಯಿಂದ ಗೇಜಿನ ರಂಧ್ರದ ಮೂಲಕ ಎಣ್ಣೆ ನೂಕುವುದೇ ಅದಕ್ಕೆ ಲೇಸು.